ನಮ್ಮ ನಮ್ಮ ಹುಚ್ಚನ್ನೂ ಬರೀರಿ

ನಾಲ್ಕು ಜನ ಬೆಳೆಗಾರರು ಸೇರಿದರೆ ನಮ್ಮಲ್ಲಿ ಮಾತು ಮೂರೇ: ಮಳೆ ಎಷ್ಟಿಂಚು, ಕಾಫಿ ರೇಟೆಷ್ಟು, ಆಳು ಸಿಕ್ಕಿದರಾ. ತನ್ನ ಬಗ್ಗೆ ಹೇಳಿಕೊಂಡರೆ ಜಂಬ ಅಂತೀವಿ. ನಾನಂತೂ ಇದನ್ನು ಒಪ್ಪಲ್ಲ.

ಮೂಡಿಗೆರೆ ತೇಜಸ್ವಿಯವರೂ ಕಾಫಿ ಬೆಳೆಗಾರರೇ. 'ಪರಿಸರದ ಕತೆ'ಯಲ್ಲಿ ತಮ್ಮ ನಾಯಿ ಕಿವಿ, ಕಾಡು ಅಲೆದದ್ದು, ಸುತ್ತಲಿನ ಜನ ಇವನ್ನೇ ಬರೆದರು. ಅದನ್ನು ಓದಿ ಇಡೀ ಕರ್ನಾಟಕ ನಮ್ಮ ಮಲೆನಾಡನ್ನು ಕಂಡಿತು. ಅವರು 2007ರಲ್ಲಿ ತೀರಿಕೊಂಡರು. ಇನ್ನು ನಮ್ಮ ಹಳ್ಳ, ಗದ್ದೆ ವಿಷಯ ನಾವೇ ಬರೀಬೇಕು.

ನನ್ನದು ಮೊದಲು. ಬೆಳಿಗ್ಗೆ ಮಳೆ ಅಳತೆ ಡೈರಿಗೆ ಬರೆಯದೆ ಕಾಫಿ ಕುಡಿಯಲ್ಲ. ಬೇಸಿಗೇಲೂ ದಿನಾ ಸೊನ್ನೆ ಬರೀತೀನಿ, ಮನೆಯವರು ನಗ್ತಾರೆ. ರೊಬಸ್ಟಾ ಹೂ ಬಿರಿದ ದಿನ ಬೇರೆ ಕೆಲಸ ಇಲ್ಲ, ತೋಟದಲ್ಲಿ ಕೂತು ಜೇನಿನ ಸದ್ದು ಕೇಳೋದು. ಚಿಕ್ಕಂದಿನಲ್ಲಿ ಗೊರಬು ಹೊದ್ದು ಗದ್ದೆ ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಹಿಡೀತಿದ್ದೆವು. ಅಲ್ಲೀಗ ಅಡಿಕೆ. ಏಡಿ ಕತೆ ಹೇಳಿದ ಮೇಲೇ ಮಗಳಿಗೆ ಅದು ಗದ್ದೆ ಆಗಿತ್ತು ಅಂತ ಗೊತ್ತಾಗಿದ್ದು.

ಪಹಣಿಯಲ್ಲಿ ಸರ್ವೆ ನಂಬರು, ಎಕರೆ, ಗುಂಟೆ ಇರುತ್ತೆ. ಮಳೆಗಾಲದಲ್ಲಿ ಯಾವ ಮೂಲೇಲಿ ಒರತೆ ಏಳುತ್ತೆ ಅನ್ನೋದು ಆಡಿ ಬೆಳೆದವರ ನೆನಪಲ್ಲಿ ಮಾತ್ರ. ಅದು ಗೊತ್ತಿಲ್ಲದೆ ಅಲ್ಲೇ ಧರೆ ಕಡಿದು ಮನೆ ಕಟ್ಟಿದರೆ? 2019ರ ಆಗಸ್ಟ್ ಮಳೆ ಕಂಡವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಕೊಯ್ಲು ಮುಗಿಸಿ ಒಂದು ಹುಚ್ಚು, ಒಂದು ನೆನಪು ಬರೆದು ಹಾಕಿ. ಕಾಗುಣಿತ ತಪ್ಪಿದರೂ ಅಡ್ಡಿಯಿಲ್ಲ. ಓದೋರು ನಾವೇ ತಾನೆ.