ಸುರಪುರದ ಎರಡು ಕಥೆಗಳು

ಪ್ರಯೋಗ ಒಂದೇ, ಇಬ್ಬರು ವಿದ್ಯಾರ್ಥಿಗಳ ದಾಖಲೆ ಮಾತ್ರ ಬೇರೆ ಬೇರೆ. ಆಗ ಏನು ಮಾಡಬೇಕು? ಕಣ್ಣಾರೆ ಕಂಡದ್ದು ಎಷ್ಟು, ಕೇಳಿ ಬರೆದದ್ದು ಎಷ್ಟು ಎಂದು ವಿಚಾರಿಸಬೇಕು. ಇತಿಹಾಸಕ್ಕೂ ಇದೇ ನಿಯಮ. ಸೇಡಂ, ಚಿತ್ತಾಪುರದ ಮಕ್ಕಳಿಗೆ ಇದರ ಉದಾಹರಣೆ ದೂರವಿಲ್ಲ. ಈಗಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲೇ ಇದೆ.

1858ರ ಫೆಬ್ರವರಿ 7ರ ರಾತ್ರಿ. ತರುಣ ಅರಸ ರಾಜಾ ವೆಂಕಟಪ್ಪ ನಾಯಕರ ಬೇಡರ ಪಡೆ ಕ್ಯಾಪ್ಟನ್ ವಿಂಡ್‌ಹ್ಯಾಮ್‌ರ ದಂಡಿನ ಮೇಲೆ ಬಿದ್ದಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತರು. ಹೆಚ್ಚಿನ ಸೈನ್ಯ ಬರುತ್ತಿದ್ದಂತೆ ರಾಜರು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದರು. ಇಷ್ಟಕ್ಕೆ ತಕರಾರಿಲ್ಲ. ಆದರೆ ಇಂಗ್ಲಿಷರ ಕಾಗದಪತ್ರಗಳಲ್ಲಿ ಇದು ದಂಗೆ. ನಮ್ಮ ಜನರ ಬಾಯಲ್ಲಿ ಸ್ವಾತಂತ್ರ್ಯದ ಹೋರಾಟ.

ದೊಡ್ಡ ತಕರಾರು ರಾಜರ ಸಾವಿನದು. ಅವರಿಗೆ ವಿಧಿಸಿದ ಮರಣದಂಡನೆ ತಗ್ಗುತ್ತ ಬಂದು ಕಡೆಗೆ ನಾಲ್ಕು ವರ್ಷದ ಸೆರೆವಾಸವಾಗಿತ್ತು. ಸಾಗಿಸುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ತಾವೇ ಗುಂಡು ಹಾರಿಸಿಕೊಂಡರು ಎಂದು ಮೆಡೋಸ್ ಟೇಲರ್ ಆತ್ಮಕಥೆಯಲ್ಲಿ ಬರೆದರು. ಇಲ್ಲ, ಇಂಗ್ಲಿಷರೇ ಕೊಂದರು ಎನ್ನುತ್ತದೆ ಸುರಪುರ.

ಟೇಲರ್ ವೈರಿಯಲ್ಲ. ರಾಜರು ಬಾಲಕರಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವರು. ಹುಡುಗ ಅವರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಆದರೆ ಗುಂಡು ಹಾರಿದಾಗ ಟೇಲರ್ ಅಲ್ಲಿರಲಿಲ್ಲ, ಕೇಳಿದ್ದನ್ನು ಬರೆದರು. ಸುರಪುರದ ಜನರೂ ಅಲ್ಲಿರಲಿಲ್ಲ, ನಿಜ. ಅವರ ಪ್ರಶ್ನೆ ಮಾತ್ರ ಗಟ್ಟಿಯಾದದ್ದು: ಕೈದಿಯ ಕೈಗೆಟಕುವಂತೆ ರಿವಾಲ್ವರ್ ಇಟ್ಟವರು ಯಾರು? ಕಾವಲಿನವರೇ ಕೊಟ್ಟ ವರದಿಯನ್ನು ಪರೀಕ್ಷಿಸಿದವರು ಯಾರು?

ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ರಾಜರಿಗೆ ಮರಣವೆಂದು ಜಾತಕದಲ್ಲಿತ್ತಂತೆ. ಇದನ್ನೂ ಟೇಲರ್ ಬರೆದಿದ್ದಾರೆ. ಫಲಿಸಿದ ಭವಿಷ್ಯವನ್ನು ಎಲ್ಲರೂ ನೆನೆಯುತ್ತಾರೆ, ಸುಳ್ಳಾದದ್ದನ್ನು ಯಾರೂ ಬರೆದಿಡುವುದಿಲ್ಲ. ಜಾತಕ ಸಾಕ್ಷಿಯಾಗದು. ಸಾವು ಹಣೆಬರಹ ಎಂದುಬಿಟ್ಟರೆ, ಗುಂಡು ಹಾರಿಸಿದ ಕೈ ಯಾರದೆಂದು ಕೇಳುವವರೇ ಇಲ್ಲವಾಗುತ್ತಾರೆ.

ಹಾಗಾದರೆ ಯಾರನ್ನು ನಂಬೋಣ? ಬರೆದದ್ದೆಲ್ಲ ನಿಜ, ಬಾಯಿಮಾತೆಲ್ಲ ಕಟ್ಟುಕಥೆ ಎಂಬ ಭಾವನೆ ಮೊದಲು ಬಿಡಬೇಕು. ಬರೆಯುವ ಅಧಿಕಾರ ಗೆದ್ದವರ ಕೈಯಲ್ಲಿತ್ತು. ಸೋತವರಿಗೆ ಉಳಿದದ್ದು ನೆನಪು. 1860ರಲ್ಲಿ ಸಂಸ್ಥಾನವೂ ನಿಜಾಮರ ಪಾಲಾಯಿತು. ಹಾಗೆಂದು ನಮ್ಮವರು ಹೇಳಿದ್ದೆಂಬ ಒಂದೇ ಕಾರಣಕ್ಕೆ ಅದು ಸಿದ್ಧವಾದ ಸತ್ಯವೂ ಆಗುವುದಿಲ್ಲ.

ಪಾಲಕರೇ, ರಜೆಯಲ್ಲಿ ಮಕ್ಕಳನ್ನು ಸುರಪುರಕ್ಕೆ ಕರೆದೊಯ್ಯಿರಿ. ಟೇಲರ್ ಮಂಜಿಲ್ ತೋರಿಸಿ, ಊರ ಹಿರಿಯರ ಮಾತನ್ನೂ ಕೇಳಿಸಿ. ಮನೆಗೆ ಬಂದ ಮೇಲೆ ಒಂದು ಹಾಳೆಯಲ್ಲಿ ಮೂರು ಕಲಂ ಹಾಕಿಸಿ: ಕಂಡದ್ದು, ಕೇಳಿದ್ದು, ಊಹಿಸಿದ್ದು. ರಾಜರ ಸಾವನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ಮಕ್ಕಳೇ ಹೇಳಲಿ.