ಹಳೆಯ ಲ್ಯಾಪ್‌ಟಾಪಿಗೆ ಹೊಸ ಸಾಲ ಬೇಡ



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಇದಕ್ಕೆ ಹೆದರಿ, ಮಕ್ಕಳ ಓದಿಗೆ ಕೊಂಡ ಅಗ್ಗದ ಪುಟ್ಟ ಲ್ಯಾಪ್‌ಟಾಪನ್ನು ಮೂಲೆಗಿಟ್ಟು, ಹೊಸದಕ್ಕಾಗಿ ಬಡ್ಡಿ ಸಾಲ ಮಾಡಬಾರದೆಂಬುದು ನಮ್ಮ ಅಭಿಪ್ರಾಯ.

ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತೆಗೆಸಿ ಎಸ್‌ಎಸ್‌ಡಿ ಹಾಕಿಸಬಹುದು. ನಿಧಾನವಾದ ಯಂತ್ರ ಚುರುಕಾಗುತ್ತದೆ. 4 ಜಿಬಿ ರ‍್ಯಾಮನ್ನು 8 ಮಾಡಿಸಬಹುದು. ಆದರೆ ತೀರ ಅಗ್ಗದ ಯಂತ್ರಗಳಲ್ಲಿ ಇವೆರಡನ್ನೂ ಬೋರ್ಡಿಗೇ ಬೆಸೆದಿರುವುದುಂಟು, ಆಗ ಬದಲಿಸಲಾಗದು. ರಿಪೇರಿಯವರನ್ನು ಮೊದಲು ಕೇಳಿ, ಆಮೇಲೆ ಹಣ ಕೊಡಿ. ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದರೆ ಅದು ಉಚಿತ. ನಮ್ಮ ಗದ್ವಾಲಿನ ಮಕ್ಕಳು ಅದರಲ್ಲಿ ಕನ್ನಡ, ತೆಲುಗು ಎರಡನ್ನೂ ಬರೆಯಬಹುದು.

ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಕರ್ತನು ಕಲಿಸಿದ್ದಾನೆ. ಮಗುವಿನ ಓದು ನಿಲ್ಲಬಾರದು. ಅದಕ್ಕಾಗಿ ತಾಯಿಯ ಕೂಲಿ ಬಡ್ಡಿಗೆ ಹೋಗಲೂಬಾರದು.