ಯಂತ್ರ ನಮ್ಮದು, ಅದರ ಆಯುಷ್ಯ ಬರೆಯುವವರು ಅವರೇ?

ಸುಗ್ಗಿಯ ದಿನಗಳಲ್ಲಿ ಸಿಂಧನೂರಿನ ಅಕ್ಕಿ ಗಿರಣಿಗಳ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುವುದು ಹೊಸ ಸಂಗತಿಯಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದು ಎರೆಭೂಮಿ ಭತ್ತದ ಗದ್ದೆಯಾದಂದಿನಿಂದ ಈ ಸಾಲು ಇದ್ದೇ ಇದೆ. ಹೊಸದೇನೆಂದರೆ, ಲಾರಿ ಕಾಟಾದ ಮೇಲೆ ನಿಂತಾಗಿದೆ, ತೂಕದ ಅಂಕಿ ಕೆಂಪಗೆ ಉರಿಯುತ್ತಿದೆ, ಆದರೂ ಚೀಟಿ ಬರುವುದಿಲ್ಲ. ಒಳಗೆ ಗುಮಾಸ್ತನು ಪರದೆಯ ಮೇಲೆ ತಿರುಗುವ ಚಕ್ರವನ್ನು ನೋಡುತ್ತ ಕೂತಿದ್ದಾನೆ. ಹೊರಗೆ ಹಮಾಲರು ತಲೆಯ ವಸ್ತ್ರ ಬಿಚ್ಚಿ ಬೆವರೊರೆಸಿಕೊಳ್ಳುತ್ತ ಕೂತಿದ್ದಾರೆ. ಚೀಲಕ್ಕಿಷ್ಟೆಂದು ಕೂಲಿ ಪಡೆಯುವವನಿಗೆ ಆ ಚಕ್ರ ಎಷ್ಟು ಸುತ್ತು ತಿರುಗಿದರೂ ಒಂದು ಪೈಸೆ ಹುಟ್ಟುವುದಿಲ್ಲ.

"ಯಾಕ್ರೀ, ಏನಾಗ್ಯಾದ?" ಎಂದರೆ ಬರುವ ಉತ್ತರ ಒಂದೇ: "ಹೊಸಾ ಸಿಸ್ಟಂ ಹಾಕ್ಸೀವಪ್ಪಾ, ಹಳೇದಕಿಂತ ಜೋರ್ ಓಡ್ತದ ಅಂದಿದ್ರು."

ಅದೇ ಹೆದ್ದಾರಿ ಹಿಡಿದು ಮಸ್ಕಿಗೆ ಹೋಗಿ, ಅಲ್ಲಿಂದ ಲಿಂಗಸುಗೂರಿಗೆ ಹೋಗಿ. ಅಡತಿ ಅಂಗಡಿ, ಗೊಬ್ಬರದಂಗಡಿ, ಕಿರಾಣಿ, ಝೆರಾಕ್ಸ್ ಅಂಗಡಿ ಎಲ್ಲ ಕಡೆಯೂ ಇದೇ ಮಾತು. ನಿನ್ನೆಯವರೆಗೆ ಗೌರವದಿಂದ ದುಡಿಯುತ್ತಿದ್ದ ಕಂಪ್ಯೂಟರು ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿದ ಮರುದಿನದಿಂದ ಏದುಸಿರು ಬಿಡುತ್ತಿದೆ. ಮಾರಿದ ಅಂಗಡಿಯವನು "ನಿಮ್ಮ ಯಂತ್ರ ಹಳೆಯದಾಯಿತು, ಹೊಸದು ತೊಗೊಳ್ಳಿ" ಎನ್ನುತ್ತಾನೆ. ನಾಲ್ಕಕ್ಷರ ಹೆಚ್ಚು ಕಲಿತ ಮಹಾಶಯರು "ಕಾಲಕ್ಕೆ ತಕ್ಕಂತೆ ಬದಲಾಗದಿದ್ದರೆ ಹೇಗೆ?" ಎಂದು ನಗುತ್ತಾರೆ. ವ್ಯಾಪಾರಿಯು ತಪ್ಪು ತನ್ನದೇ ಇರಬೇಕೆಂದು ಸುಮ್ಮನಾಗುತ್ತಾನೆ.

ತಪ್ಪು ಅವನದಲ್ಲ. ಯಂತ್ರದ್ದೂ ಅಲ್ಲ. ಇದನ್ನು ಬಿಡಿಸಿ ಹೇಳುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲು ಯಂತ್ರದೊಳಗೆ ನಡೆಯುವುದೇನೆಂದು ನೋಡೋಣ. ಕಂಪ್ಯೂಟರಿನ ಮೆಮೊರಿಯೆಂಬುದು ಗಿರಣಿಯ ಅಂಗಳವಿದ್ದಂತೆ. ಕೆಲಸ ನಡೆಯುವುದು ಅಲ್ಲಿ. ಹಾರ್ಡ್ ಡಿಸ್ಕು ಹಿಂದಿನ ಗೋದಾಮು. ಹಳೆಯ ಯಂತ್ರಗಳ ಗೋದಾಮಿನಲ್ಲಿ ತಿರುಗುವ ತಟ್ಟೆಗಳಿದ್ದು, ಅವುಗಳ ಮೇಲೆ ಓದುವ ಮುಳ್ಳು ಅತ್ತಿಂದಿತ್ತ ಸರಿದಾಡಬೇಕು. ಎಂದರೆ ಗೋದಾಮಿಗೆಲ್ಲ ಒಬ್ಬನೇ ಹಮಾಲ. ಹಳೆಯ ವ್ಯವಸ್ಥೆಯಲ್ಲಿ ಅವನನ್ನು ಕರೆಯುವವರು ಇಬ್ಬರೋ ಮೂವರೋ ಇದ್ದರು. ಹೊಸದರಲ್ಲಿ ಹತ್ತು ಜನ ಒಟ್ಟಿಗೆ ಕೂಗುತ್ತಾರೆ. ಒಬ್ಬನು ಎಲ್ಲ ಕಡತಗಳ ಪಟ್ಟಿ ಮಾಡುತ್ತಿರುತ್ತಾನೆ, ಒಬ್ಬನು ವೈರಸ್ ತಪಾಸಣೆ ನಡೆಸುತ್ತಿರುತ್ತಾನೆ, ಒಬ್ಬನು ಹೊಸ ತಿದ್ದುಪಡಿಗಳನ್ನು ಇಳಿಸಿಕೊಳ್ಳುತ್ತಿರುತ್ತಾನೆ, ಇನ್ನೊಬ್ಬನು ನಮ್ಮ ಕಡತಗಳನ್ನು ದೂರದೂರಿನ ಸರ್ವರಿಗೆ ಹೊತ್ತೊಯ್ಯುತ್ತಿರುತ್ತಾನೆ, ಮತ್ತೊಬ್ಬನು ಹವಾಮಾನ, ಕ್ರಿಕೆಟ್ಟು, ಸಿನಿಮಾ ಸುದ್ದಿ ತಂದು ಮೂಲೆಯಲ್ಲಿ ಹಚ್ಚುತ್ತಾನೆ. ಅಂಗಳ 4 ಜಿ.ಬಿ.ಯದಾದರೆ ಇವರೇ ಅದನ್ನು ತುಂಬಿಬಿಡುತ್ತಾರೆ. ಜಾಗ ಸಾಲದಾದಾಗ ಅಂಗಳದ ಚೀಲಗಳನ್ನು ಗೋದಾಮಿಗೆ ಹೊರುವುದು, ಬೇಕಾದಾಗ ಮತ್ತೆ ಅಂಗಳಕ್ಕೆ ತರುವುದು ಶುರುವಾಗುತ್ತದೆ. ಗುಮಾಸ್ತನ ಕಾಟಾ ಚೀಟಿಯ ಕೆಲಸ ಸಾಲಿನ ತುದಿಯಲ್ಲಿ ನಿಂತಿರುತ್ತದೆ. ತಿರುಗುವ ಚಕ್ರದ ಅರ್ಥ ಇಷ್ಟೇ.

ಅದೇ ವ್ಯವಸ್ಥೆ ಎಸ್‌.ಎಸ್‌.ಡಿ. ಇರುವ, 8 ಅಥವಾ 16 ಜಿ.ಬಿ. ಮೆಮೊರಿಯ ಹೊಸ ಯಂತ್ರದಲ್ಲಿ ನುಣ್ಣಗೆ ಓಡುತ್ತದೆ, ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ನುಣುಪಿನ ಬೆಲೆ ತೆತ್ತವರು ಯಾರು? ವ್ಯವಸ್ಥೆ ಮಾಡಿ ಮಾರಿದವರಲ್ಲ. ಕೊಂಡವರು.

ಅಳತೆ ಬೆಳೆದ ಪರಿಯನ್ನು ನೋಡಿ. 2001ರ ವಿಂಡೋಸ್ ಎಕ್ಸ್‌ಪಿ ಕನಿಷ್ಠ 64 ಎಂ.ಬಿ. ಮೆಮೊರಿ ಕೇಳುತ್ತಿತ್ತು. 2009ರ ವಿಂಡೋಸ್ 7 ಕೇಳಿದ್ದು 1 ಜಿ.ಬಿ. 2021ರ ಅಕ್ಟೋಬರ್ 5ರಂದು ಹೊರಟ ವಿಂಡೋಸ್ 11 ಕೇಳುವುದು 4 ಜಿ.ಬಿ. ಇಪ್ಪತ್ತು ವರ್ಷದಲ್ಲಿ 64 ಪಟ್ಟು! ಅದೂ ಕನಿಷ್ಠದ ಲೆಕ್ಕ. ಅಷ್ಟೇ ಇಟ್ಟುಕೊಂಡವನ ಪಾಡನ್ನು ಮೇಲೆ ಹೇಳಿದ್ದೇವೆ. ಕಾಟಾ ಚೀಟಿಯಲ್ಲಿ ಬರೆಯುವುದು ಮಾತ್ರ ಅಂದೂ ಇಂದೂ ಅಷ್ಟೇ: ಲಾರಿ ನಂಬರು, ತುಂಬಿದ ತೂಕ, ಖಾಲಿ ತೂಕ, ತಾರೀಖು. ಪಾಸ್ಕಲ್ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದ ಸ್ವಿಟ್ಜರ್ಲೆಂಡಿನ ವಿದ್ವಾಂಸ ನಿಕ್ಲಾಸ್ ವಿರ್ತ್ 1995ರಲ್ಲೇ ಎಚ್ಚರಿಸಿದ್ದರು: ಯಂತ್ರಗಳು ವೇಗ ಗಳಿಸುವುದಕ್ಕಿಂತ ಬೇಗನೆ ಸಾಫ್ಟ್‌ವೇರುಗಳು ನಿಧಾನವಾಗುತ್ತಿವೆ ಎಂದು. ಕೇಳಿದವರಾರು?

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತರಲ್ಲ, ಅಲ್ಲಿಯ ತಕರಾರಿನ ಒಂದು ಬೇರು ಗೇಣಿ ಭತ್ತ ಅಳೆಯುವ ಕೊಳಗದಲ್ಲಿತ್ತು. ಅಳತೆಯ ಪಾತ್ರೆ ಒಡೆಯರ ಕೈಯಲ್ಲಿದ್ದಾಗ ಗದ್ದೆ ಎಷ್ಟು ಬೆಳೆದರೂ ಒಕ್ಕಲಿನ ಪಾಲಿಗೆ ಸಾಲುವುದಿಲ್ಲ. ಇಂದಿನ ಕೊಳಗವು ಜಿ.ಬಿ.ಯ ಲೆಕ್ಕದಲ್ಲಿದೆ, ಒಡೆಯರು ಅಮೇರಿಕದಲ್ಲಿದ್ದಾರೆ, ಅಷ್ಟೇ ವ್ಯತ್ಯಾಸ.

ಅಳತೆಯೊಂದೇ ಆಗಿದ್ದರೆ ಇನ್ನೂರು ಮುನ್ನೂರು ಹೆಚ್ಚು ಕೊಟ್ಟು ಸುಧಾರಿಸಿಕೊಳ್ಳಬಹುದಿತ್ತು. ಆದರೆ ಬಾಗಿಲಲ್ಲಿಯೇ ತಡೆಯುವ ಏರ್ಪಾಡು ಬೇರೆ ಇದೆ. ವಿಂಡೋಸ್ 11 ಬೇಕಾದರೆ ಯಂತ್ರದಲ್ಲಿ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪು ಇರಬೇಕು. ಇಂಟೆಲ್ ಕಂಪನಿಯ ಪ್ರೊಸೆಸರಾದರೆ ಬಹುತೇಕ 2017ರಲ್ಲಿ ಬಂದ ಎಂಟನೆಯ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. 2016ರಲ್ಲಿ ಸಾಲ ಮಾಡಿ ಯಂತ್ರ ಕೊಂಡವನು ಐದೇ ವರ್ಷಕ್ಕೆ ಅಸ್ಪೃಶ್ಯನಾದ. ಇತ್ತ ವಿಂಡೋಸ್ 10ಕ್ಕೆ ಉಚಿತವಾದ ಭದ್ರತಾ ತಿದ್ದುಪಡಿಗಳನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅದೇ ವಿಂಡೋಸ್ 10 ಬಂದ 2015ರಲ್ಲಿ, ಇದೇ ಕೊನೆಯ ಆವೃತ್ತಿ ಎಂದು ಆ ಕಂಪನಿಯ ನೌಕರರೊಬ್ಬರು ಸಮಾವೇಶದಲ್ಲಿ ಹೇಳಿದ್ದು ಜಗತ್ತೆಲ್ಲ ಸುದ್ದಿಯಾಗಿತ್ತು! ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲಿ ಹಾಕಿದ ಅಂದಾಜಿನಂತೆ ಇದರಿಂದ ಜಗತ್ತಿನಲ್ಲಿ 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದು. ಕೆಟ್ಟ ಕಂಪ್ಯೂಟರುಗಳಲ್ಲ, ಓದುಗರೇ. ಗುಂಡಿ ಒತ್ತಿದರೆ ಹತ್ತುವ, ಕೆಲಸ ಮಾಡುವ ಕಂಪ್ಯೂಟರುಗಳು.

ಇನ್ನೊಂದು ವರ್ಷ ರಕ್ಷಣೆ ಬೇಕೇ? 2026ರ ಅಕ್ಟೋಬರ್ 13ರವರೆಗೆ 30 ಡಾಲರ್ ಕೊಡಿ, ಇಲ್ಲವೇ ಕಂಪನಿಯ ಖಾತೆ ತೆರೆದು ನಿಮ್ಮ ಸೆಟ್ಟಿಂಗುಗಳನ್ನು ನಮ್ಮ ಸರ್ವರಿನಲ್ಲಿಡಿ ಎಂದು ಘೋಷಣೆಯಾಯಿತು. ಯೂರೋಪಿನ ಗ್ರಾಹಕ ಸಂಘಗಳು ಹಿಡಿದು ಕೇಳಿದ ಮೇಲೆ ಅಲ್ಲಿಯವರಿಗೆ ಹಣವೂ ಬೇಡ, ಸರ್ವರಿನಲ್ಲಿಡುವ ಷರತ್ತೂ ಬೇಡವೆಂದಾಯಿತು. ಕೇಳಿದವರಿಗೆ ಒಂದು ದರ, ಕೇಳದವರಿಗೆ ಒಂದು ದರ. ಮಾರುಕಟ್ಟೆಯ ಧರ್ಮವೆಂದರೆ ಇದೇ ಏನು?

ಸುರಕ್ಷತೆಯ ವಾದವನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ತಿದ್ದುಪಡಿ ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಬಾಗಿಲಿಗೆ ಅಗಳಿ ಹಾಕದೆ ಗಲ್ಲಾಪೆಟ್ಟಿಗೆಯ ಪಕ್ಕ ಮಲಗಿದಂತೆ. ಆದರೆ ಸುರಕ್ಷತೆಯ ಹೆಸರಿನಲ್ಲಿ ಬಂದ ಹೊಸ ವ್ಯವಸ್ಥೆಯು 2024ರಿಂದ ಸ್ಟಾರ್ಟ್ ಪಟ್ಟಿಯಲ್ಲಿಯೇ ಇಂಥ ಆ್ಯಪ್ ಕೊಳ್ಳಿ, ಅಂಥದ್ದು ಹಾಕಿಕೊಳ್ಳಿ ಎಂದು ಶಿಫಾರಸು ತೋರಿಸತೊಡಗಿತಲ್ಲ, ಅದು ಯಾವ ಕಳ್ಳನನ್ನು ತಡೆಯುವುದಕ್ಕೆ? ಯಂತ್ರ ನಮ್ಮದು, ಕರೆಂಟು ನಮ್ಮದು, ಜಾಹೀರಾತು ಅವರದು.

ಇವೆಲ್ಲ ಹೊಟ್ಟೆಕಿಚ್ಚಿನ ಮಾತುಗಳೆಂದು ತಳ್ಳಿಹಾಕುವವರಿಗಾಗಿ ಎರಡು ಸಂಗತಿ. ಹೊಸ ತಿದ್ದುಪಡಿ ಹಾಕಿದ ಮೇಲೆ ಹಳೆಯ ಫೋನುಗಳು ನಿಧಾನವಾದ ಪ್ರಕರಣದಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ 2018ರಲ್ಲಿ ಆಪಲ್ ಕಂಪನಿಗೆ 1 ಕೋಟಿ ಯೂರೋ, ಸ್ಯಾಮ್‌ಸಂಗಿಗೆ 50 ಲಕ್ಷ ಯೂರೋ ದಂಡ ಹಾಕಿತು. 2020ರಲ್ಲಿ ಫ್ರಾನ್ಸಿನಲ್ಲಿ ಆಪಲ್ 2.5 ಕೋಟಿ ಯೂರೋ ತೆರಬೇಕಾಯಿತು. ನಮ್ಮ ದಿಲ್ಲಿ ಸರ್ಕಾರವು 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಜಾಲತಾಣವನ್ನು ತೆರೆಯಿತು. ಬಿಡಿಭಾಗದ ವಿಚಾರ, ಸರ್ವಿಸ್ ಸೆಂಟರಿನ ವಿಚಾರ ಅಲ್ಲಿದೆ, ಸಂತೋಷ. ಯಂತ್ರ ಕೊಳ್ಳುವ ದಿನವೇ ಇದಕ್ಕೆ ಎಷ್ಟು ವರ್ಷ ತಿದ್ದುಪಡಿ ಕೊಡುತ್ತೇವೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಬೇಕೆಂಬ ಕಟ್ಟಳೆ ಯಾಕೆ ಆಗಬಾರದು? ಬಿಸ್ಕತ್ತಿನ ಪೊಟ್ಟಣಕ್ಕೆ ತಾರೀಖು ಬೇಕು, ನಲವತ್ತು ಸಾವಿರದ ಯಂತ್ರಕ್ಕೆ ಬೇಡವೇ?

ಬೇರೆ ದಾರಿ ಇಲ್ಲವೇ ಎಂದರೆ ಇದೆ. ಲಿನಕ್ಸ್ ಎಂಬ ಸ್ವತಂತ್ರ ವ್ಯವಸ್ಥೆಯ ಹಗುರ ಆವೃತ್ತಿಗಳು ಹಾಕಿಸಲು ಹಣ ಬೇಡುವುದಿಲ್ಲ, ಹಳೆಯ ಯಂತ್ರದಲ್ಲಿಯೂ ಮರ್ಯಾದೆಯಿಂದ ಓಡುತ್ತವೆ. ಕೇರಳವು 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಎಂಬ ಯೋಜನೆ ಆರಂಭಿಸಿ, ಮುಂದೆ ಸರ್ಕಾರಿ ಶಾಲೆಗಳನ್ನೆಲ್ಲ ಸ್ವತಂತ್ರ ಸಾಫ್ಟ್‌ವೇರಿಗೆ ತಂದಿತು. ಈಗ ಅದನ್ನು ಕೈಟ್ ಸಂಸ್ಥೆ ನಡೆಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದು ಅದರ ಮೇಲೆಯೇ. ಆ ಕನ್ನಡದ ಮಕ್ಕಳಿಗೆ ಸಾಧ್ಯವಾದದ್ದು ಮಸ್ಕಿಯ ಮಕ್ಕಳಿಗೆ ಸಾಧ್ಯವಿಲ್ಲವೆಂದರೆ ಹತ್ತಾರು ವರ್ಷ ಬೋರ್ಡಿನ ಮುಂದೆ ನಿಂತ ನಾವು ಒಪ್ಪುವವರಲ್ಲ.

ಅಡ್ಡಿಗಳೂ ಇವೆ, ಮುಚ್ಚಿಡುವುದು ಸರಿಯಲ್ಲ. ಅಂಗಡಿಯವನ ಲೆಕ್ಕವಿರುವುದು ಟ್ಯಾಲಿಯಲ್ಲಿ; ಅದು ವಿಂಡೋಸಿಗಾಗಿ ಮಾಡಿದ್ದು, ಮಾಡಿದವರು ನಮ್ಮ ಬೆಂಗಳೂರಿನವರೇ. ಕಚೇರಿಗಳ ಹಳೆಯ ಕನ್ನಡ ಪತ್ರಗಳಿರುವುದು ಯೂನಿಕೋಡಿಗೆ ಮುಂಚಿನ ನುಡಿ ಅಕ್ಷರಗಳಲ್ಲಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಲಿನಕ್ಸಿನಲ್ಲಿಯೂ ಇದೆ, ಬೆರಳುಗಳಿಗೆ ಹೊಸ ಅಭ್ಯಾಸ ಬೇಡ. ಆದರೆ ಹಳೆಯ ಕಡತಗಳನ್ನು ಯೂನಿಕೋಡಿಗೆ ತರಬೇಕು, ಆ ಕೆಲಸ ಸರ್ಕಾರದ್ದು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವುದನ್ನು 1915ರಲ್ಲಿ ಕಂಡುಕೊಂಡರು. ಎರಡು ಸಾವಿರ ವರ್ಷ ಅಕ್ಷರ ಅಲ್ಲೇ ಇತ್ತು, ಓದುವ ವಿದ್ಯೆ ಮಾತ್ರ ನಡುವೆ ಮರೆತುಹೋಗಿತ್ತು. ನಮ್ಮ ತಾಲೂಕು ಕಚೇರಿಯ ಕಡತಗಳಿಗೆ ಆ ಗತಿ ಬರಲು ಇಪ್ಪತ್ತು ವರ್ಷ ಸಾಕೆಂದು ತೋರುತ್ತದೆ.

ಸರ್ಕಾರಗಳ ಬಳಿ ಕಾಗದಕ್ಕೆ ಕೊರತೆಯಿಲ್ಲ. ಸರ್ಕಾರಿ ಕೆಲಸದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡತಕ್ಕದ್ದೆಂದು ಕೇಂದ್ರ ಸರ್ಕಾರ 2015ರಲ್ಲೇ ನೀತಿ ಹೊರಡಿಸಿದೆ. 2023ರಲ್ಲಿ ರಕ್ಷಣಾ ಇಲಾಖೆ ವಿಂಡೋಸ್ ಬಿಟ್ಟು ಮಾಯಾ ಎಂಬ ಲಿನಕ್ಸ್ ವ್ಯವಸ್ಥೆಗೆ ಹೋಗಲು ತೀರ್ಮಾನಿಸಿತು. 2025ರ ನವೆಂಬರಿನಲ್ಲಿ ನಮ್ಮ ರಾಜ್ಯದ ಕಿಯೋನಿಕ್ಸ್ ಸಂಸ್ಥೆಯು ಲಿನಕ್ಸಿನ ಮೇಲೆ ಓಡುವ ಕಿಯೋ ಎಂಬ ಯಂತ್ರವನ್ನು 18,999 ರೂಪಾಯಿಗೆ ಕೊಡುವುದಾಗಿ ಬೆಂಗಳೂರಿನ ಮೇಳದಲ್ಲಿ ತೋರಿಸಿತು. ಒಳ್ಳೆಯದು. ಆದರೆ ಮಂತ್ರಿಮಹೋದಯರೇ, ಲಿಂಗಸುಗೂರಿನ ಅಂಗಡಿಯಲ್ಲಿ ಈಗಾಗಲೇ ಕೂತಿರುವ ಯಂತ್ರಕ್ಕೆ ಜೀವ ತುಂಬಲು ಹೊಸ ಯಂತ್ರ ಬೇಕಿಲ್ಲ. ತಾಲೂಕಿಗೊಂದು ಕಡೆ, ಐ.ಟಿ.ಐ.ಯಲ್ಲೋ ಎ.ಪಿ.ಎಂ.ಸಿ.ಯಲ್ಲೋ, ತಿಳಿದ ಇಬ್ಬರು ಹುಡುಗರನ್ನು ಸಂಬಳ ಕೊಟ್ಟು ಕೂಡಿಸಿ.

ಅಲ್ಲಿಯವರೆಗೆ ವ್ಯಾಪಾರಿ ಬಂಧುಗಳು ಇಷ್ಟಾದರೂ ಮಾಡಬೇಕು. ಯಂತ್ರ ಬದಲಿಸುವ ಮೊದಲು ಬಿಚ್ಚಿಸಿ ಫ್ಯಾನಿನ ಧೂಳು ಊದಿಸಿರಿ. ಗಿರಣಿಯ ತೌಡು, ಹೊಟ್ಟಿನ ಧೂಳು ಕಟ್ಟಿಕೊಂಡರೆ ಪ್ರೊಸೆಸರ್ ಕಾಯ್ದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆ ತಪ್ಪನ್ನು ನಾವು ಮೈಕ್ರೋಸಾಫ್ಟಿನ ತಲೆಗೆ ಕಟ್ಟುವುದಿಲ್ಲ. ತಿರುಗುವ ಡಿಸ್ಕು ತೆಗೆಸಿ ಎಸ್‌.ಎಸ್‌.ಡಿ. ಹಾಕಿಸಿದರೆ ಅರ್ಧಕ್ಕರ್ಧ ರೋಗ ಹೋಗುತ್ತದೆ. ಮೆಮೊರಿಯ ಬೆಲೆ 2025ರ ಕೊನೆಯಿಂದ ಏರಿದೆ, ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಅದನ್ನು ನುಂಗುತ್ತಿವೆ. ಆದುದರಿಂದ ನಾಲ್ಕು ಅಂಗಡಿ ಕೇಳಿ ಕೊಳ್ಳಿರಿ. ವಿಂಡೋಸ್ 10ರ ಮೇಲೆಯೇ 11 ಹಾಕಿಸಿ ತೊಂದರೆಯಾಯಿತೆಂದರೆ ಹತ್ತು ದಿನದೊಳಗೆ ಹಿಂದಕ್ಕೆ ಹೋಗುವ ದಾರಿ ಸೆಟ್ಟಿಂಗ್ಸ್‌ನಲ್ಲಿಯೇ ಇದೆ. ಹನ್ನೊಂದನೆಯ ದಿನ ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಕಾಟಾದ ಯಂತ್ರಕ್ಕೆ ಮಾತ್ರ, ಅದರ ತೂಕದ ಸಾಫ್ಟ್‌ವೇರ್ ಹಾಕಿದವನನ್ನು ಕೇಳದೆ ಏನನ್ನೂ ಹಾಕಿಸಬೇಡಿ.

ಗಿರಣಿಯ ಸಂಗಾತಿಗಳಿಗೆ ಇನ್ನೊಂದು ಮಾತು. ಯಂತ್ರ ನಿಧಾನವಾದರೆ ಮಾಲೀಕನಿಗೆ ಹೋಗುವುದು ಒಂದಿಷ್ಟು ಹಣ. ಅದನ್ನು ಅವನು ಖರ್ಚಿನ ಬಾಬಿಗೆ ಬರೆದುಕೊಳ್ಳುತ್ತಾನೆ. ನಿಮಗೆ ಹೋಗುವುದು ಹೊತ್ತು. ಅದನ್ನು ಬರೆದಿಡುವ ಪುಸ್ತಕ ಯಾವ ಗಿರಣಿಯಲ್ಲಿದೆ? ನಾಳೆಯಿಂದ ಕಾಟಾ ನಿಂತ ಗಂಟೆ, ಮತ್ತೆ ನಡೆದ ಗಂಟೆ ಎರಡನ್ನೂ ಒಂದು ನೋಟುಪುಸ್ತಕದಲ್ಲಿ ತಾರೀಖು ಸಮೇತ ಬರೆಯಿರಿ. ಲಾರಿ ನಂಬರನ್ನೂ ಹಾಕಿ. ಮುಂದಿನ ಸಲ ಹಮಾಲಿ ದರದ ಮಾತುಕತೆಗೆ ಕೂರುವಾಗ ಆ ಪುಸ್ತಕ ಮೇಜಿನ ಮೇಲಿರಲಿ. ಚೀಲದ ದರದ ಜೊತೆಗೆ ಕಾದ ಗಂಟೆಯ ದರವನ್ನೂ ಕೇಳೋಣ.